ಒಳಗ ಸರೀರಿ

ಬಸ್ಸಿನ ಗಂಟಿ ಹಗ್ಗ ಅದೇ ಎತ್ತರದಾಗ ಅದ,
ಇಪ್ಪತ್ತೆರಡು ವರ್ಷದಿಂದ ಅದೇ ಎತ್ತರ.
ಬಲಗೈ ಒಂದಿನ ಜೇವರ್ಗಿ ರೋಡಿನ ಮ್ಯಾಲ
ಕಿವಿ ತನಕ ಹೋಗಿ ನಿಂತುಬಿಟ್ಟಿತು,
ನನ್ನ ಸ್ಟೇಜ್ ಬಂತು, ಇಳೀತೀನಿ ಅನ್ನೋಹಂಗ.

ಮೊದಲು ಮಲಗಿದ ದೋಷ ಅಂದೆ.
ಆಮ್ಯಾಲ ಚಿಲ್ಲರೆ ಚೀಲದ ಭಾರ ಅಂದೆ.
ಮೂರು ತಿಂಗಳು ಎಣ್ಣಿ ತಿಕ್ಕಿ, ಎಕ್ಕಿ ಎಲಿ ಕಾಸಿ ಕಟ್ಟಿ,
ಕಡೀಕ ಓಣಿ ಕಂಪೌಂಡರ್ ಕಾಕಾ
'ಇಲ್ಲೇ ಅಲ್ಲೇನು ನೋವು?' ಅಂತ ಬಟ್ಟಿನಿಂದ ಒತ್ತಿ
ಅಂದಾಜಿನ ಮ್ಯಾಲ ಎರಡು ಸಲ ಸೂಜಿ ಚುಚ್ಚಿದ.
ಕತ್ತಲಾಗ ಚಿಲ್ಲರೆ ಹುಡುಕಿದಂಗ ಆತು ಅದು:
ನಾಣ್ಯ ಸಿಕ್ಕಿತು, ಎಷ್ಟರದು ಅನ್ನೋದು ಗೊತ್ತಾಗಲಿಲ್ಲ.

ಜಡಿ ಹಾಕ್ಕೊಳ್ಳಾಕ ಬರಲಾರದಂಗ ಆತು.
ದಾಲ್ ಮಿಲ್ಲಿನಾಗ ತೊಗರಿ ಬ್ಯಾಳಿ ಚೀಲ ಹೊಲಿಯೋ ನಮ್ಮ ಮನಿಯವರು
ನಸುಕಿನ್ಯಾಗ ನನ್ನ ಹಿಂದ ಕುಂತು
ಐವತ್ಮೂರನೇ ವಯಸ್ಸಿಗೆ ಮೂರೆಳಿ ಕಲ್ತರು.
ಚೀಲದ ಬಾಯಿ ಕಟ್ಟಿದಂಗ ಬಿಗಿ.
'ಸಡ್ಲ ಮಾಡ್ರಿ' ಅಂದ್ರ
'ದಾರ್ಯಾಗ ಬಿಚ್ಚಿದ್ರ ಮಾಲು ಚೆಲ್ತದ' ಅಂತಾರ.

ದವಾಖಾನ್ಯಾಗ ಡಾಕ್ಟರ್ ನಾಹೀದಾ
ಕೈ ಎತ್ತಿಸಿ, ತಿರುವಿಸಿ, ಹಿಂದಕ್ಕ ಒಯ್ಸಿ ನೋಡಿ
'ಭುಜ ಹೆಪ್ಪುಗಟ್ಟ್ಯಾದ' ಅಂದ್ರು.
ಕಲಬುರಗಿ ಬಿಸಿಲಾಗ! ಮೇ ತಿಂಗಳಾಗ!
ಡಾಂಬರ್ ಕರಗೋ ಊರಾಗ ಯಾವ ಹೆಪ್ಪು, ಡಾಕ್ಟರಮ್ಮ?
ಅವರು ನಕ್ಕರು. ರಿಪೋರ್ಟ್ ನೋಡಿ ನಗಿ ನಿಲ್ಲಿಸಿದರು:
'ಸಕ್ಕರಿ ಎಷ್ಟು ವರ್ಷದಿಂದ?'

ಮಗ್ಗಲಾಗಿ ಮಲಗಿಸಿ ಬೆನ್ನಿಗೆ ತಣ್ಣನ ಜೆಲ್ಲು ಹಚ್ಚಿದರು.
ಎದುರಿಗೆ ಪರದೆ. ಅದರಾಗ ನನ್ನ ಭುಜ,
ಕರಿಮಣ್ಣಿನ ಹೊಲದ ಮ್ಯಾಲ ಮಂಜು ಕುಂತಂಗ
ಪದರ ಪದರ ಬೂದಿ ಬಣ್ಣ.
'ಈ ಬಿಳಿ ಗುಂಡು ಎಲುವು. ಪಕ್ಕದಾಗ
ಕೂದಲಿನಷ್ಟು ಸಂದಿ ಕಾಣ್ತದಲ್ಲ, ಅಲ್ಲಿಗೆ ಹೋಗಬೇಕು.'
ನೂರಾರು ಊರಿಗೆ ಟಿಕೆಟ್ ಹರದಾಕಿ ನಾ,
ನನ್ನೊಳಗ ಇಂಥದೊಂದು ಸ್ಟಾಪ್ ಅದ ಅಂತ ಗೊತ್ತೇ ಇರಲಿಲ್ಲ.

ಸೂಜಿ ಪರದ್ಯಾಗ ಬೆಳ್ಳನ ಗೆರಿ ಆಗಿ ಬಂತು,
ಓರೆಯಾಗಿ, ಕಟ್ಟಿಸಂಗಾವಿ ಬ್ರಿಜ್ಜಿನ ಮ್ಯಾಲ
ರಾತ್ರಿ ಬರೋ ಒಂಟಿ ಲೈಟಿನಂಗ, ಮೆಲ್ಲಕ.
ಇವರು ಅಂದಾಜು ಮಾಡಲಿಲ್ಲ. ಕಂಡು ಹೋದರು.
ಕಂಡು ಹೋದರೂ ನೋವು ಇರ್ತದ, ಸುಳ್ಳು ಯಾಕ ಹೇಳಲಿ.

ಉಪ್ಪುನೀರು ಬಿಡಾಕ ಹತ್ತಿದರು, ಅದರಾಗ ಔಷಧ.
ಐದು ಎಮ್ಮೆಲ್ಲಿಗೇ ಒಳಗಿನ ಚೀಲ ಬಿಗಿ ಹಿಡೀತು.
'ಜಾಗಾ ಕೊಡವಲ್ದು' ಅಂದರು, ತಮಗ ತಾವೇ ಅಂದಂಗ.
ಆಗ, ಖರೇನ, ನನ್ನ ಬಾಯಿಗೆ ಬ್ಯಾರೆ ಮಾತು ಬರಲಿಲ್ಲ:
'ಒಳಗ ಸರೀರಿ! ಒಳಗ ಸರೀರಿ!
ಬಾಗಲದಾಗ ನಿಲ್ಲಬ್ಯಾಡ್ರಿ, ಹಿಂದ ಜಾಗಾ ಅದ!'
ನರ್ಸು ನಕ್ಕುಬಿಟ್ಟಳು. ಡಾಕ್ಟರ ಕೈ ಅಲುಗಲಿಲ್ಲ.
ಹನ್ನೊಂದು. ಹದಿನಾಕು.
ಒಳಗೆಲ್ಲೋ ಹಳೇ ಬಟ್ಟಿ ಪರ್ ಅಂತ ಹರಿದಂಗ ಆತು,
ಪರದ್ಯಾಗ ಕರಿ ಸಂದಿ ಅಗಲಾತು,
ನನ್ನ ಕಣ್ಣಾಗ ಮಸುಕಾತು.

'ಎರಡು ದಿನ ಸಕ್ಕರಿ ಏರ್ತದ, ಹೆದರಬ್ಯಾಡ.
ಸೂಜಿ ಬಾಗಲ ತೆಗ್ದದ ಅಷ್ಟೇ. ನಡೀಬೇಕಾದಾಕಿ ನೀನೇ.'

ಈಗ ದಿನಾ ಅಡಗಿಮನಿ ಗೋಡಿ ಮ್ಯಾಲ ಬೆರಳು ಹತ್ತಿಸ್ತೀನಿ,
ಮುಟ್ಟಿದಲ್ಲಿ ಪೆನ್ಸಿಲ್ ಗೆರಿ, ತಾರೀಖು.
ಹಿಂದಿನ ಬಾಡಿಗಿಯವರ ಹುಡುಗ ಎತ್ತರ ಬೆಳೆದ ಗೆರಿ
ಅಲ್ಲೇ ಇನ್ನೂ ಅವ: 'ಮಲ್ಲು, ಆರನೇತ್ತ.'
ಶ್ರಾವಣಕ್ಕ ಅವನ್ನ ದಾಟಿದೆ.
ಒಂದೊಂದು ವಾರ ಒಂದು ಗೆರಿನೂ ಏರಂಗಿಲ್ಲ.
ಜಡಿಗೆ ಕೈ ಮುಟ್ತದ ಈಗ.
ಮನಿಯವರಿಗೆ ಇನ್ನೂ ಹೇಳಿಲ್ಲ.

ಫರಹತಾಬಾದ್ ದಾಟೋ ತನಕ ಹಗ್ಗ ಎಳೆಯೋದು
ಕಾಲೇಜ್ ಹುಡುಗೂರ ಕೆಲಸ, ಜಗಳ ಆಡ್ತಾವ ಅದಕ್ಕ.
ನಿನ್ನೆ ಡಿಪೋದಾಗ, ಖಾಲಿ ಬಸ್ಸಿನ್ಯಾಗ, ಕೈ ಎತ್ತಿದೆ.
ನಡುಬೆರಳಿನ ತುದಿಗೆ ತಾಗಿತು ಹಗ್ಗ,
ಜಿಡ್ಡು, ಹಳೇ ಬೆವರು, ಬಹಳಷ್ಟು ನನ್ನದೇ.
ಚಾ ಕುಡೀತಿದ್ದ ಡ್ರೈವರ್ ಶರಣಗೌಡ
ಕನ್ನಡ್ಯಾಗ ನೋಡಿ 'ರೈಟ್ ಏನಕ್ಕ?' ಅಂದ.
'ತಡಿಯೋ' ಅಂದೆ.
ಕೈ ಇಳಸಲಿಲ್ಲ.